ಕಡಲು, ತೋಡು, ಪದವು: ಕೈಗೆ ಒಗ್ಗುವ ಫಿಲ್ಟರ್ ಸೆಟ್ ಆರಿಸುವ ಬಗೆ

ಕಾಸರಗೋಡಿನ ಕಡಲ ತೀರದಲ್ಲಿ ಸೂರ್ಯ ಮುಳುಗಲು ಹೆಚ್ಚು ಹೊತ್ತು ಬೇಡ. ಬಿಂಬದ ಕೆಳ ಅಂಚು ನೀರಿಗೆ ತಾಗಿತೆಂದರೆ ಎರಡು ನಿಮಿಷ ಚಿಲ್ಲರೆಯಲ್ಲಿ ಪೂರ್ತಿ ಮರೆ. ಸುಮಾರು 12.5 ಡಿಗ್ರಿ ಅಕ್ಷಾಂಶದ ನಮ್ಮ ಕಡೆ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಆಮೇಲೆ ಆಕಾಶದಲ್ಲಿ ಒಳ್ಳೆಯ ಬಣ್ಣ ಉಳಿಯುವುದು ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಬಡಗಣ ಯುರೋಪಿನ ಬೇಸಿಗೆಯಲ್ಲಿ ಇದೇ ಬೆಳಕು ತಾಸುಗಟ್ಟಲೆ ನಿಲ್ಲುತ್ತದೆ. ಅಲ್ಲಿಯ ಛಾಯಾಗ್ರಾಹಕರು ಮೆಚ್ಚಿ ಬರೆದ ಫಿಲ್ಟರ್ ಸೆಟ್ (ಕ್ಯಾಮೆರಾದ ಲೆನ್ಸಿನ ಮುಂದೆ ಕೂರಿಸುವ ಗಾಜುಗಳು) ಬೇಕಲದ ಹೊಯಿಗೆಯ ಮೇಲೆ ಕೈಕೊಡುವುದು ಈ ಕಾರಣಕ್ಕೆ. ಅಲ್ಲಿ ಐದು ನಿಮಿಷ ತಿಣುಕಿದರೂ ನಷ್ಟವಿಲ್ಲ, ಇಲ್ಲಿ ಐದು ನಿಮಿಷ ಹೋದರೆ ಅಂದಿನ ಬೆಳಕಿನ ಕಾಲುಭಾಗ ಹೋಯಿತು.

ಆದ್ದರಿಂದ ಗಾಜಿನ ಗುಣ, ಲೇಪನದ ಹೆಸರು ಇವನ್ನೆಲ್ಲ ವಿಚಾರಿಸುವ ಮೊದಲು ಒಂದು ಲೆಕ್ಕ ಹಾಕಿ. ಫಿಲ್ಟರನ್ನು ಚೀಲದಿಂದ ತೆಗೆದು ಲೆನ್ಸಿಗೆ ಕೂರಿಸಿ, ಫ್ರೇಮ್ ತಿದ್ದಲು ಬಿಚ್ಚಿ, ಮತ್ತೆ ಕೂರಿಸುವಷ್ಟರಲ್ಲಿ ಕೈ ಎಷ್ಟು ಸಲ ಆಡಬೇಕು? ಅದೂ ಬೆರಳು ಒದ್ದೆಯಾಗಿ, ಬೆಳಕು ಮಬ್ಬಾಗಿ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದಿರುವಾಗ. ಈ ಲೆಕ್ಕದಲ್ಲಿ ಸೋತ ಸೆಟ್ ಎಷ್ಟೇ ಒಳ್ಳೆಯ ಗಾಜಿನದಾದರೂ ಎರಡು ತಿಂಗಳಲ್ಲಿ ಕಪಾಟು ಸೇರುತ್ತದೆ.

ಯಾವ ಫಿಲ್ಟರ್ ನಿಜವಾಗಿ ಬೇಕು

ಮೊದಲನೆಯದು ಪೋಲರೈಸರ್. ಅಂಗಡಿಯಲ್ಲಿ ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಎಂದು ಕೇಳಿ. ಕಂಪ್ಯೂಟರಿನ ಮುಂದೆ ಕೂತು ಆಮೇಲೆ ಮಾಡಿಕೊಳ್ಳಲಾಗದ ಕೆಲಸ ಇದರದ್ದು. ಜೋರು ಮಳೆ ನಿಂತು ಅರ್ಧ ಗಂಟೆಯಾದ ಅಡಕೆ ತೋಟಕ್ಕೆ ಹೋಗಿ ನೋಡಿ: ಪ್ರತಿ ಸೋಗೆಯ ಮೇಲೂ ಬಿಳಿ ಆಕಾಶದ ಹೊಳಪು ಕೂತಿರುತ್ತದೆ, ಹಸಿರು ಎನ್ನುವುದು ಬೂದಿ ಬಣ್ಣದ ಕೆಳಗೆ ಹುದುಗಿರುತ್ತದೆ. ಸಿಪಿಎಲ್‌ನ ಹೊರ ಉಂಗುರವನ್ನು ಮೆಲ್ಲನೆ ತಿರುಗಿಸುತ್ತ ಬಂದರೆ ಒಂದು ಹಂತದಲ್ಲಿ ಹೊಳಪು ಒಮ್ಮೆಲೇ ಕಳಚಿ ಎಲೆಯ ಬಣ್ಣ ಮೇಲೆ ಬರುತ್ತದೆ. ಪಾಚಿ ಹಿಡಿದ ಮುರಕಲ್ಲಿನ ಕಟ್ಟೆಯ ಕೆಂಪು ಗಾಢವಾಗುತ್ತದೆ. ತೋಡಿನ ತಳದ ಉರುಟು ಕಲ್ಲು ಕಾಣಿಸುತ್ತದೆ. ಉಂಗುರವನ್ನು ಇನ್ನೂ ಕಾಲು ಸುತ್ತು ತಿರುಗಿಸಿದರೆ ಹೊಳಪು ಮರಳಿ ಬರುತ್ತದೆ. ನೀರಿನ ಮೇಲ್ಮೈಯನ್ನು ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಈ ಪರಿಣಾಮ ಅತಿ ಹೆಚ್ಚು. ನೇರ ಮೇಲಿಂದ ಬಗ್ಗಿ ನೋಡಿದರೆ ಏನೂ ಆಗದು.

ಸಿಪಿಎಲ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಹಾಗಾಗಿ ತೋಡಿನ ನೀರಿಗೆ ಅದೇ, ಬೆಳಕು ತಗ್ಗಿಸುವ ಸಣ್ಣ ಎನ್‌ಡಿ ಫಿಲ್ಟರಿನ ಕೆಲಸವನ್ನೂ ಮಾಡಿಕೊಡುತ್ತದೆ. ತೋಟದ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಲೆನ್ಸಿನ ಕಂಡಿ ಎಫ್/11 ಇಟ್ಟು ಸಿಪಿಎಲ್ ಹಾಕಿದರೆ ಸಾಲುತ್ತದೆ. ಕಟ್ಟದ ಮೇಲಿಂದ ಬೀಳುವ ನೀರು ನೂಲಿನಂತೆ ಕಾಣಲು ಷಟರ್ ತೆರೆದಿರಬೇಕಾದ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು ಸಲೀಸಾಗಿ ಸಿಗುತ್ತದೆ.

ಅದು ಕೆಲಸಕ್ಕೆ ಬಾರದ ಜಾಗವೂ ಇದೆ. ಆಕಾಶದಲ್ಲಿ ಇದರ ಪ್ರಭಾವ ಹೆಚ್ಚು ಕಾಣುವುದು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಬಿಡಿಸಿ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿದ ಕಡೆಯೆಲ್ಲ ಆ ಪಟ್ಟಿ. ಪಡುವಣಕ್ಕೆ ಮುಖ ಮಾಡಿ ಸೂರ್ಯಾಸ್ತ ತೆಗೆಯುವಾಗ ಆಕಾಶಕ್ಕೆ ಇದರಿಂದ ಚೂರೂ ಉಪಯೋಗವಿಲ್ಲ. ಒದ್ದೆ ಹೊಯಿಗೆಯ ಮೇಲಿನ ಬಂಗಾರದ ಪ್ರತಿಫಲನವನ್ನು ಅಳಿಸಿ ಚಿತ್ರವನ್ನು ಕೆಡಿಸಲೂಬಹುದು. ಬಿಚ್ಚಿಡಿ. ಮಳೆ ಕಳೆದ ಮೇಲೆ ಪೊಸಡಿಗುಂಪೆಯ ನೆತ್ತಿಯಿಂದ 24 ಮಿ.ಮೀ.ಗಿಂತ ಕಡಿಮೆ ಫೋಕಲ್ ಲೆಂತ್‌ನ, ಅಂದರೆ ಹೆಚ್ಚು ಅಗಲದ ನೋಟ ಹಿಡಿಯುವ ಅಗಲ ಲೆನ್ಸಿನಲ್ಲಿ ನೀಲಿ ಆಕಾಶ ತೆಗೆದರೆ ಇನ್ನೊಂದು ತೊಂದರೆ: ಒಂದೇ ಫ್ರೇಮಿನಲ್ಲಿ ಆಕಾಶದ ನಡುವೆ ಕಡುನೀಲಿ ಮಚ್ಚೆ, ಎರಡೂ ಬದಿ ತೆಳು ನೀಲಿ. ಅದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಪದವಿನ ಪಳ್ಳದಲ್ಲಿ ಮೋಡದ ಬಿಂಬ ಬೇಕೆಂದಿದ್ದರೆ ಉಂಗುರವನ್ನು ಪೂರ್ತಿ ತಿರುಗಿಸಬೇಡಿ. ಹತ್ತಿರದ ನೀರಿನ ತಳ ಅರೆಬರೆ ಕಂಡು, ದೂರದ ಬಿಂಬ ಉಳಿಯುವ ಕಡೆ ನಿಲ್ಲಿಸಿ.

ಎರಡನೆಯದು ಎನ್‌ಡಿ, ಅಂದರೆ ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು. ಒಂದೇ ಗಾಜಿಗೆ ಕಂಪನಿಗಳು ಮೂರು ರೀತಿಯ ಸಂಖ್ಯೆ ಬರೆಯುವುದರಿಂದ ಕೊಳ್ಳುವವರು ಎಡವುತ್ತಾರೆ. ಎನ್‌ಡಿ 8 ಎಂದರೂ 0.9 ಎಂದರೂ ಮೂರು ಸ್ಟಾಪ್. ಎನ್‌ಡಿ 64 ಅಥವಾ 1.8 ಎಂದರೆ ಆರು ಸ್ಟಾಪ್. ಎನ್‌ಡಿ 1000 ಅಥವಾ 3.0 ಎಂದರೆ ಹತ್ತು ಸ್ಟಾಪ್. 0.3ಕ್ಕೆ ಒಂದು ಸ್ಟಾಪ್ ಎಂದು ನೆನಪಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ.

ಒಂದೇ ಎನ್‌ಡಿ ಕೊಳ್ಳುವುದಾದರೆ ಎನ್‌ಡಿ 64 ಕೊಳ್ಳಿ. ಹತ್ತು ಸ್ಟಾಪಿನದು ಕೇಳಲು ಆಕರ್ಷಕ, ಆದರೆ ಅದು ನಡುಹಗಲಿನ ಫಿಲ್ಟರ್. ಸೂರ್ಯ ಮುಳುಗಿದ ಮೇಲೆ ಫಿಲ್ಟರ್ ಇಲ್ಲದೆ 1/15 ಸೆಕೆಂಡು ಬರುತ್ತಿದೆ ಎನ್ನಿ. ಆರು ಸ್ಟಾಪಿನಲ್ಲಿ ಅದು 4 ಸೆಕೆಂಡು. ತೆರೆ ಕಲ್ಲಿಗೆ ಹೊಡೆದು ಹಿಂದಕ್ಕೆ ಸರಿಯುವುದು ಮೆದುವಾಗಿ ಮೂಡುತ್ತದೆ. ಹತ್ತು ಸ್ಟಾಪಿನಲ್ಲಿ ಒಂದು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಕಡಲು ಮಂಜಿನ ಹಾಸು, ತೆರೆಯ ಆಕಾರವೇ ಇಲ್ಲ. ಅದೂ ಚೆಂದವೇ, ಆದರೆ ಇಪ್ಪತ್ತು ನಿಮಿಷದ ಬೆಳಕಿನಲ್ಲಿ ಅಂಥವು ಆರೇಳು ಫ್ರೇಮ್ ಆದರೆ ಹೆಚ್ಚು. ಸರಿಯುವ ನೀರಿನ ಗೆರೆಗಳು ಬೇಕಿದ್ದರೆ ಅರ್ಧದಿಂದ ಒಂದು ಸೆಕೆಂಡು ಸಾಕು. ಅಲ್ಲಿಗೆ ಎನ್‌ಡಿ 8 ಸರಿಯಾದ ಗಾಜು.

ತಿರುಗಿಸಿದಂತೆ ಕಪ್ಪಾಗುವ ವೇರಿಯಬಲ್ ಎನ್‌ಡಿ ವಿಡಿಯೊ ಮಾಡುವವರಿಗೆ ಒಳ್ಳೆಯದು. ಅಗಲ ಲೆನ್ಸಿನ ಭೂದೃಶ್ಯಕ್ಕೆ ಬೇಡ. ಅದು ಎರಡು ಪೋಲರೈಸರ್‌ಗಳನ್ನು ಒಂದರ ಮೇಲೊಂದು ಇಟ್ಟ ಸಾಧನ. ಕಡು ಕಪ್ಪಿನ ಕೊನೆಗೆ ಹೋದಂತೆ ಆಕಾಶದಲ್ಲಿ ಗುಣಾಕಾರ ಚಿಹ್ನೆಯಂಥ ನೆರಳು ಬೀಳುತ್ತದೆ. ಇರುವುದೇ ಅದಾದರೆ ಐದು ಸ್ಟಾಪಿನೊಳಗೆ ಬಳಸಿ.

ಮೂರನೆಯದು ಗ್ರ್ಯಾಡ್: ಮೇಲರ್ಧ ಕಪ್ಪು, ಕೆಳಗರ್ಧ ಪಾರದರ್ಶಕ. ಪಡುಗಡಲಿನ ಆಕಾಶವನ್ನು ಎರಡು ಮೂರು ಸ್ಟಾಪ್ ಇಳಿಸಿ ನೆಲದ ಬೆಳಕಿಗೆ ಹೊಂದಿಸಲು ಇದು. ಆಕಾಶಕ್ಕೊಂದು, ನೆಲಕ್ಕೊಂದು ಎಂದು ಎರಡು ಎಕ್ಸ್‌ಪೋಷರ್ (ಚಿತ್ರ) ತೆಗೆದು ಆಮೇಲೆ ಬೆಸೆದರಾಯಿತು ಎನ್ನುವವರಿದ್ದಾರೆ. ಗಾಳಿಯಿಲ್ಲದ ಗುಡ್ಡೆಯಲ್ಲಿ ಅದು ನಡೆಯುತ್ತದೆ. ನಮ್ಮ ತೀರದಲ್ಲಿ ತೆಂಗಿನ ಗರಿ ಒಂದು ಕ್ಷಣ ಸುಮ್ಮನಿರುವುದಿಲ್ಲ, ತೆರೆ ಎರಡು ಫ್ರೇಮಿನಲ್ಲಿ ಒಂದೇ ಕಡೆ ಇರುವುದಿಲ್ಲ. ಬೆಸೆದ ಚಿತ್ರದಲ್ಲಿ ಗರಿಗಳು ಎರಡೆರಡಾಗಿ, ನೊರೆಯ ಅಂಚು ಹರಿದು ಕಾಣುತ್ತದೆ. ಒಂದೇ ಸಲಕ್ಕೆ ಕೆಲಸ ಮುಗಿಸುವ ಗ್ರ್ಯಾಡ್‌ಗೆ ಇಲ್ಲಿ ಇನ್ನೂ ಬೆಲೆಯಿದೆ.

ಕಪ್ಪಿನಿಂದ ಪಾರದರ್ಶಕಕ್ಕೆ ಥಟ್ಟನೆ ಬದಲಾಗುವುದು ಹಾರ್ಡ್, ನಿಧಾನಕ್ಕೆ ಕರಗುವುದು ಸಾಫ್ಟ್. ಬರೀ ಕಡಲು, ಬರೀ ದಿಗಂತವಾದರೆ ಹಾರ್ಡ್ ಸರಿ. ಬೇಕಲದಲ್ಲಿ ಹಾಗಲ್ಲ, ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಕೋಟೆಯ ಮುರಕಲ್ಲಿನ ಗೋಡೆ ದಿಗಂತವನ್ನು ಸೀಳಿಕೊಂಡು ಮೇಲೇಳುತ್ತದೆ. ಮುರಕಲ್ಲು ಮೊದಲೇ ಬೆಳಕು ಹೀರುವ ಕಲ್ಲು, ಸಂಜೆ ಸೂರ್ಯನ ಎದುರಿಗೆ ಇನ್ನೂ ಕಪ್ಪು. ಅದರ ಮೇಲೆ ಹಾರ್ಡ್ ಗ್ರ್ಯಾಡಿನ ಅಂಚು ಬಂದರೆ ಬುರುಜಿನ ತಲೆಗೆ ಮಸಿ ಬಳಿದಂತೆ. 0.9ರ ಸಾಫ್ಟ್ ಒಂದನ್ನು ಕೊಂಡರೆ ಕೋಟೆ, ತೆಂಗಿನ ಸಾಲು, ಗುಡ್ಡೆ ಎಲ್ಲಕ್ಕೂ ಒಗ್ಗುತ್ತದೆ. ಒಂದು ಎಚ್ಚರಿಕೆ: ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ನಿಲ್ಲಿಸಲು ಮುಂಚಿತವಾಗಿ ಅನುಮತಿ ಬೇಕು. ಅನುಮತಿ ಇಲ್ಲದಿದ್ದರೆ ಕೋಟೆಯ ಹೊರಗಿನ ತೀರದಿಂದ ತೆಗೆಯುವುದೇ ಲೇಸು.

ತಿರುಪು, ಚೌಕಟ್ಟು, ಆಯಸ್ಕಾಂತ

ಫಿಲ್ಟರ್ ಲೆನ್ಸಿಗೆ ಕೂರುವ ಬಗೆ ಈ ಮೂರು. ಕೈಗೆ ಸಲೀಸಾಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲೇ.

ತಿರುಪಿನ ಫಿಲ್ಟರ್ ಅಗ್ಗ, ಹಗುರ, ಬೀಳುವುದಿಲ್ಲ, ಬೆಳಕು ಸೋರುವುದಿಲ್ಲ. ದಿನಕ್ಕೆ ಒಂದೆರಡು ಸಲ ಮಾತ್ರ ಹಾಕಿ ತೆಗೆಯುವವರಿಗೆ ಇದಕ್ಕಿಂತ ಹೆಚ್ಚಿನದು ಬೇಡ. ತೊಂದರೆ ಬರುವುದು ಆತುರದಲ್ಲಿ. ಎಳೆಗೆ ಎಳೆ ಕೂರದೆ ಓರೆಯಾಗಿ ಹತ್ತಿದರೆ ಲೆನ್ಸಿನ ತಿರುಪೇ ಹಾಳು. ಕೂರಿಸುವ ಕ್ರಮ ಹೀಗೆ: ಲೆನ್ಸನ್ನು ಆಕಾಶಕ್ಕೆ ಮುಖ ಮಾಡಿ ಹಿಡಿದು, ಫಿಲ್ಟರನ್ನು ಅದರ ಮೇಲೆ ಮಟ್ಟಸವಾಗಿ ಇಟ್ಟು, ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲನೆ ತಿರುಗಿಸಿ. ಎಳೆಯ ಬಾಯಿ ಸಿಕ್ಕಿದಾಗ ಬೆರಳಿಗೆ ಸಣ್ಣದೊಂದು ಟಕ್ ತಿಳಿಯುತ್ತದೆ. ಅಲ್ಲಿಂದ ಮುಚ್ಚುವ ದಿಕ್ಕಿಗೆ ತಿರುಗಿಸಿದರೆ ನಯವಾಗಿ ಇಳಿಯುತ್ತದೆ. ನಿಂತ ಮೇಲೆ ಬಿಗಿ ಮಾಡಬೇಡಿ.

ಚೌಕಟ್ಟಿನ ಸೆಟ್ ಎಂದರೆ ಲೆನ್ಸಿಗೆ ಒಂದು ಅಡಾಪ್ಟರ್ ಉಂಗುರ, ಅದಕ್ಕೆ ಕಚ್ಚುವ ಹೋಲ್ಡರ್, ಅದರೊಳಗೆ ಜಾರಿಸುವ ಹಲಗೆಗಳು. ಈಗ ಹೆಚ್ಚು ಬಳಕೆಯಲ್ಲಿರುವುದು 100 ಮಿ.ಮೀ. ಅಗಲದ್ದು: ಎನ್‌ಡಿ 100 x 100, ಗ್ರ್ಯಾಡ್ 100 x 150 ಮಿ.ಮೀ. ಗ್ರ್ಯಾಡ್ ಉದ್ದವಿರುವುದು ಮೇಲೆ ಕೆಳಗೆ ಸರಿಸಿ ದಿಗಂತಕ್ಕೆ ಹೊಂದಿಸಲಿಕ್ಕೆ. ಈ ಸೌಲಭ್ಯ ಬೇರೆ ಯಾವುದರಲ್ಲೂ ಇಷ್ಟು ಚೆನ್ನಾಗಿಲ್ಲ. ಸಿಪಿಎಲ್ ಹೋಲ್ಡರಿನ ಹಿಂಬದಿ ಕೂತು, ಪಕ್ಕದ ಸಣ್ಣ ಚಕ್ರದಿಂದ ತಿರುಗುವ ಮಾದರಿಯನ್ನೇ ಆರಿಸಿ. ಸಿಪಿಎಲ್ ಮುಂದೆ ಕೂರುವ ಹಳೆಯ ಮಾದರಿಗಳಲ್ಲಿ ಗ್ರ್ಯಾಡ್ ಸರಿಸಿದಾಗಲೆಲ್ಲ ಅದೂ ಅಲುಗುತ್ತದೆ.

ಚೌಕಟ್ಟಿಗೆ ಕಡಲ ತೀರದಲ್ಲಿ ಇಬ್ಬರು ಶತ್ರುಗಳು. ಗಾಳಿ ಬೀಸಿದಾಗ ಆ ದೊಡ್ಡ ಹಲಗೆ ಹಾಯಿಯಂತೆ ಗಾಳಿ ತುಂಬಿಕೊಂಡು ಟ್ರೈಪಾಡನ್ನು ನಡುಗಿಸುತ್ತದೆ. ತುಂತುರು ಹಾರಿದಾಗ ಇಡೀ ಹಲಗೆ ಒದ್ದೆ, ಒರೆಸಲು ಹೋದರೆ ಬೆರಳಚ್ಚು. ಗಾಜಿನ ಹಲಗೆ ಒದ್ದೆ ಬೆರಳಿನಿಂದ ಜಾರಿ ಮುರಕಲ್ಲಿಗೆ ಬಿದ್ದರೆ ಚೂರು. ರೆಸಿನ್ (ಪ್ಲಾಸ್ಟಿಕ್‌ನಂಥ) ಹಲಗೆ ಒಡೆಯುವುದಿಲ್ಲ, ಆದರೆ ಒಂದು ಹೊಯಿಗೆ ಕಾಳು ಇರುವ ಬಟ್ಟೆಯಿಂದ ಒರೆಸಿದರೂ ಗೀರು ಬೀಳುತ್ತದೆ. ಗ್ರ್ಯಾಡ್ ಮಾತ್ರ ರೆಸಿನ್‌ನದು ತೆಗೆದುಕೊಂಡರೆ ನಡೆಯುತ್ತದೆ, ಎನ್‌ಡಿ ಗಾಜಿನದೇ ಇರಲಿ.

ಆಯಸ್ಕಾಂತದ ಸೆಟ್ಟಿನಲ್ಲಿ ಲೆನ್ಸಿಗೆ ತೆಳುವಾದ ಲೋಹದ ಉಂಗುರವನ್ನು ಒಮ್ಮೆ ತಿರುಗಿಸಿ ಬಿಟ್ಟುಬಿಡುವುದು. ಆಮೇಲೆ ಫಿಲ್ಟರ್ ಹತ್ತಿರ ತಂದರೆ ಟಪ್ ಎಂದು ತಾನೇ ಕೂರುತ್ತದೆ, ಉಗುರಿನಿಂದ ಮೀಟಿದರೆ ಏಳುತ್ತದೆ. ಹಾಕಲು ಒಂದು ಚಲನೆ, ತೆಗೆಯಲು ಒಂದು ಚಲನೆ. ಕತ್ತಲಲ್ಲೂ ಒದ್ದೆ ಕೈಯಲ್ಲೂ ಅಷ್ಟೇ. ಲೆನ್ಸಿನ ಮುಚ್ಚಳವೂ ಆಯಸ್ಕಾಂತದ್ದೇ ಬರುತ್ತದೆ. ಇದರ ಸೆಳೆತದಿಂದ ಕ್ಯಾಮೆರಾದ ಸೆನ್ಸರಿಗೆ ಹಾನಿಯಿಲ್ಲ.

ಇದಕ್ಕೂ ದೋಷಗಳಿವೆ. ಎದುರಿನಿಂದ ಎಳೆದರೆ ಗಟ್ಟಿ, ಪಕ್ಕದಿಂದ ತಾಗಿದರೆ ಸಡಿಲ. ಟ್ರೈಪಾಡ್ ಹೆಗಲಿಗೇರಿಸಿ ತೋಟದ ದಾರಿಯಲ್ಲಿ ನಡೆಯುವಾಗ ಒಂದು ಕೊಂಬೆ ಸವರಿದರೆ ಫಿಲ್ಟರ್ ತೋಡಿಗೆ. ನಡೆಯುವ ಮೊದಲು ಬಿಚ್ಚಿ ಚೀಲಕ್ಕೆ ಹಾಕುವ ಅಭ್ಯಾಸವೊಂದೇ ದಾರಿ. ಕಡಲ ತೀರದಲ್ಲಿ ಇನ್ನೊಂದು ಸಂಗತಿ ಇದೆ, ಇದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಹೊಯಿಗೆಯಲ್ಲಿ ಅಲ್ಲಲ್ಲಿ ಕರಿ ಗೆರೆಗಳು ಕಾಣುತ್ತವೆಯಲ್ಲ, ಅದರಲ್ಲಿ ಕಬ್ಬಿಣದ ಅಂಶವಿರುವ ಕಾಳುಗಳಿರುತ್ತವೆ. ಫಿಲ್ಟರ್ ಒಮ್ಮೆ ಹೊಯಿಗೆಗೆ ಬಿದ್ದರೆ ಅವು ಉಂಗುರದ ಸುತ್ತ ಮೀಸೆಯಂತೆ ನಿಲ್ಲುತ್ತವೆ. ಊದಿದರೆ ಹೋಗುವುದಿಲ್ಲ, ಬಟ್ಟೆಯಿಂದ ತೆಗೆಯಹೋದರೆ ಗಾಜಿನ ಮೇಲೆ ಉಜ್ಜುತ್ತವೆ. ಹಾಗೆಯೇ ಕೂರಿಸಿದರೆ ಎರಡು ಉಂಗುರಗಳ ನಡುವೆ ಸಂದು ಬಿಟ್ಟು, ಎನ್‌ಡಿ 1000ರ ದೀರ್ಘ ಎಕ್ಸ್‌ಪೋಷರಿನಲ್ಲಿ ಬೆಳಕು ಸೋರುತ್ತದೆ. ಅಂಟುಪಟ್ಟಿಯ ಒಂದು ತುಂಡನ್ನು ಉಂಗುರದ ಅಂಚಿಗೆ, ಅಂಚಿಗೆ ಮಾತ್ರ, ಒತ್ತಿ ಎತ್ತಿದರೆ ಕಾಳುಗಳು ಅದಕ್ಕೆ ಹತ್ತಿಕೊಂಡು ಬರುತ್ತವೆ. ಚೀಲದಲ್ಲಿ ಎರಡಿಂಚು ಅಂಟುಪಟ್ಟಿ ಇರಲಿ.

ದುಂಡು ಗ್ರ್ಯಾಡ್ ಸೇರಿಸಿದ ಆಯಸ್ಕಾಂತದ ಸೆಟ್ಟುಗಳನ್ನು ಮಾರುತ್ತಾರೆ. ಗ್ರ್ಯಾಡಿನ ಗೆರೆ ನಡುವಿನಲ್ಲೇ ಕೂತಿರುವುದರಿಂದ ದಿಗಂತವನ್ನೂ ಫ್ರೇಮಿನ ನಟ್ಟನಡುವೆ ಇಡಬೇಕಾಗುತ್ತದೆ. ಅದಕ್ಕೆ ಹಣ ಹಾಕಬೇಡಿ. ಇದೇ ಉಂಗುರಕ್ಕೆ ಹಲಗೆ ಹಿಡಿಯುವ ಚೌಕಟ್ಟೊಂದನ್ನು ಅಂಟಿಸಬಹುದಾದ ಸೆಟ್ ಸಿಕ್ಕಿದರೆ ನೋಡಿ, ಅದು ಎರಡೂ ಲೋಕದ ಅನುಕೂಲ ಕೊಡುತ್ತದೆ.

ಯಾರಿಗೆ ಯಾವುದು? ತೋಟ, ತೋಡು, ರಾಣಿಪುರದ ಕಾಡುದಾರಿ ಇವೇ ನಿಮ್ಮ ವಿಷಯವಾದರೆ ಆಯಸ್ಕಾಂತದ ಸಿಪಿಎಲ್, ಎನ್‌ಡಿ 8, ಎನ್‌ಡಿ 64. ಗ್ರ್ಯಾಡ್ ಬೇಡ. ಕಾಪಿಲ್, ಬೇಕಲ, ಕುಂಬಳೆಯ ತೀರವೇ ಹೆಚ್ಚಾದರೆ 100 ಮಿ.ಮೀ. ಚೌಕಟ್ಟು, ಅದರ ಸಿಪಿಎಲ್, ಎನ್‌ಡಿ 64 ಮತ್ತು ಸಾಫ್ಟ್ ಗ್ರ್ಯಾಡ್ 0.9. ಈಗಷ್ಟೇ ಶುರು ಮಾಡಿದವರು, ಕೈಯಲ್ಲಿ ಕ್ಯಾಮೆರಾ ಜೊತೆ ಬಂದ ಒಂದೇ ಲೆನ್ಸ್ ಇದ್ದರೆ, ತಿರುಪಿನ ಸಿಪಿಎಲ್ ಒಂದನ್ನು ಕೊಂಡು ಒಂದು ಮಳೆಗಾಲ ಅದರಲ್ಲೇ ಪಳಗಿ. ಆಮೇಲೆ ಏನು ಕಡಿಮೆಯಿದೆ ಎಂದು ಕೈಗೇ ಗೊತ್ತಾಗುತ್ತದೆ.

ಅಳತೆ

ಲೆನ್ಸಿನ ಮುಂಭಾಗದಲ್ಲಿ, ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ ಬರೆದ ಸಂಖ್ಯೆಯೇ ಫಿಲ್ಟರಿನ ಅಳತೆ. ಫೋಕಲ್ ಲೆಂತ್ ಎಂದು ತಪ್ಪು ತಿಳಿದು 55 ಮಿ.ಮೀ. ಫಿಲ್ಟರ್ ತರಿಸಿಕೊಂಡವರಿದ್ದಾರೆ; ಕ್ಯಾನನ್‌ನ ಇಎಫ್-ಎಸ್ 18-55 ಲೆನ್ಸಿಗೆ ಬೇಕಾದದ್ದು 58 ಮಿ.ಮೀ. ಅದೇ ಕಂಪನಿಯ ಇಎಫ್-ಎಸ್ 10-18ಕ್ಕೆ 67 ಮಿ.ಮೀ.

ಇರುವ ಲೆನ್ಸುಗಳಲ್ಲಿ ಅತಿ ದೊಡ್ಡದಕ್ಕೆ ಫಿಲ್ಟರ್ ಕೊಂಡು, ಚಿಕ್ಕವಕ್ಕೆ ಸ್ಟೆಪ್-ಅಪ್ ಉಂಗುರ (ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸಿಗೆ ಕೂರಿಸುವಂಥದ್ದು) ಹಾಕಿ. 77 ಅಥವಾ 82 ಮಿ.ಮೀ.ಗೆ ಕೊಂಡರೆ ಮುಂದೆ ದೊಡ್ಡ ಲೆನ್ಸ್ ಬಂದಾಗಲೂ ಮತ್ತೆ ಖರ್ಚಿಲ್ಲ. 58ರಿಂದ 77ಕ್ಕೆ ಒಂದೇ ಉಂಗುರ ತನ್ನಿ. 58ರಿಂದ 67, 67ರಿಂದ 77 ಎಂದು ಎರಡನ್ನು ಪೇರಿಸಿದರೆ ಅಗಲ ಲೆನ್ಸಿನಲ್ಲಿ ಫ್ರೇಮಿನ ನಾಲ್ಕು ಮೂಲೆ ಕಪ್ಪಾಗಬಹುದು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುವ ಉಂಗುರವನ್ನು ಅಗಲ ಲೆನ್ಸಿಗೆ ಹಾಕಲೇಬೇಡಿ. ಅಲ್ಯುಮಿನಿಯಮ್‌ಗಿಂತ ಹಿತ್ತಾಳೆಯ ಉಂಗುರ ಸ್ವಲ್ಪ ತುಟ್ಟಿ, ಆದರೆ ಅಲ್ಯುಮಿನಿಯಮ್ ತಿರುಪಿನಲ್ಲಿ ಅಷ್ಟು ಸುಲಭಕ್ಕೆ ಕಚ್ಚಿಕೊಳ್ಳುವುದಿಲ್ಲ. ಉಪ್ಪುಗಾಳಿಯ ಊರಿನಲ್ಲಿ ಇದು ಮುಖ್ಯ.

ಸ್ಟೆಪ್-ಅಪ್ ಹಾಕಿದ ಮೇಲೆ ಲೆನ್ಸಿನ ಹುಡ್ ಕೂರುವುದಿಲ್ಲ. ಬಿಸಿಲು ಪಕ್ಕದಿಂದ ಬೀಳುವಾಗ ಕೊಡೆಯನ್ನೋ ಅಂಗೈಯನ್ನೋ ಮರೆ ಹಿಡಿಯಿರಿ. ಮುಂದಿನ ಗಾಜು ಗುಮ್ಮಟದಂತೆ ಉಬ್ಬಿದ ಅತಿ ಅಗಲ ಲೆನ್ಸುಗಳಲ್ಲಿ ಹಲವಕ್ಕೆ ತಿರುಪೇ ಇಲ್ಲ. ಅಂಥವಕ್ಕೆ 150 ಮಿ.ಮೀ. ಚೌಕಟ್ಟು ಬೇಕು. ಅದು ಕೈಗೆ ಸಲೀಸು ಎನ್ನುವ ಮಾತೇ ಇಲ್ಲ. ಭೂದೃಶ್ಯಕ್ಕೆಂದೇ ಲೆನ್ಸ್ ಕೊಳ್ಳುವವರು ಮೊದಲೇ ತಿರುಪಿರುವ ಲೆನ್ಸನ್ನು ನೋಡಿ.

ಸದಾ ಹಾಕಿರುವ ಯುವಿ ಫಿಲ್ಟರಿನ ಮೇಲೆ ಸಿಪಿಎಲ್, ಅದರ ಮೇಲೆ ಎನ್‌ಡಿ ಎಂದು ಪೇರಿಸುವವರಿಗೂ ಮೂಲೆ ಕಪ್ಪಾಗುವ ತೊಂದರೆ ಇದೆ. ತುಂತುರಿನಿಂದ ಲೆನ್ಸ್ ಕಾಯಲು ಯುವಿ ಒಳ್ಳೆಯದೇ, ಆದರೆ ಇನ್ನೊಂದು ಫಿಲ್ಟರ್ ಹಾಕುವಾಗ ಅದನ್ನು ಬಿಚ್ಚಿ.

ಕೊಳ್ಳುವಾಗಿನ ಪರೀಕ್ಷೆ

ಮಂಗಳೂರಿನ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಹತ್ತು ನಿಮಿಷ ಈ ಕೆಲಸಕ್ಕೆ ಕೊಡಿ.

ಸಿಪಿಎಲ್ ಅಸಲಿಯೋ ಎಂದು ನೋಡಲು ಕನ್ನಡಿ ಸಾಕು. ಫಿಲ್ಟರಿನ ತಿರುಪು ಇರುವ ಬದಿ, ಅಂದರೆ ಲೆನ್ಸಿನ ಕಡೆಯ ಬದಿ, ಕನ್ನಡಿಯತ್ತ ಇರುವಂತೆ ಕಣ್ಣಿನ ಮುಂದೆ ಹಿಡಿದು, ಕನ್ನಡಿಯಲ್ಲಿ ಕಾಣುವ ಅದೇ ಫಿಲ್ಟರನ್ನು ಅದರ ಮೂಲಕವೇ ನೋಡಿ. ಅದು ಕಪ್ಪಾಗಿ ಕಾಣಬೇಕು. ತಿರುಗಿಸಿ ಹಿಡಿದರೆ ತಿಳಿಯಾಗಿ ಕಾಣಬೇಕು. ಎರಡೂ ಬದಿ ತಿಳಿಯಾಗಿದ್ದರೆ ಅದು ಸರ್ಕ್ಯುಲರ್ ಅಲ್ಲ. ಮೊಬೈಲ್ ಪರದೆಯ ಮುಂದೆ ಹಿಡಿದು ತಿರುಗಿಸಿ ಕಪ್ಪಾಯಿತು ಎಂದು ತೋರಿಸಿದರೆ ಅದು ಪೋಲರೈಸರ್ ಎಂದಷ್ಟೇ ಖಾತ್ರಿ.

ಎನ್‌ಡಿಗೆ ಬಿಳಿ ಗೋಡೆ ಬೇಕು. ಟ್ರೈಪಾಡಿನಲ್ಲಿ ಕ್ಯಾಮೆರಾ ಇಟ್ಟು, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಹಗಲಿನ ಬೆಳಕಿಗೆ ಸ್ಥಿರ ಮಾಡಿ, ಫಿಲ್ಟರ್ ಇಲ್ಲದೆ 1/60 ಸೆಕೆಂಡಿನಲ್ಲಿ ಒಂದು, ಎನ್‌ಡಿ 64 ಹಾಕಿ 1 ಸೆಕೆಂಡಿನಲ್ಲಿ ಇನ್ನೊಂದು ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ಬೆಳಕಿನ ಹಂಚಿಕೆ ತೋರುವ ನಕ್ಷೆಯ, ಅಂದರೆ ಹಿಸ್ಟೋಗ್ರಾಮಿನ ಗುಡ್ಡ ಎರಡರಲ್ಲೂ ಒಂದೇ ಕಡೆ ನಿಲ್ಲಬೇಕು. ಸ್ಟಾಪಿನ ಮೂರನೇ ಒಂದು ಭಾಗ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ, ಬರೆದಿಟ್ಟುಕೊಂಡು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಗೋಡೆಯ ಬಣ್ಣ ಕಂದಾದರೆ, ನೇರಳೆಯಾದರೆ ನೋಡಬೇಕು. ಇಡೀ ಫ್ರೇಮ್ ಒಂದೇ ಸಮ ಬಣ್ಣ ತಿರುಗಿದ್ದರೆ ಆಮೇಲೆ ತಿದ್ದಬಹುದು. ನಡುವೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಂದರೆ ವಾಪಸ್ ಮಾಡಿ.

ಕೊನೆಗೆ 200 ಮಿ.ಮೀ. ಲೆನ್ಸ್ ಇದ್ದರೆ ದೂರದ ಬೋರ್ಡಿನ ಅಕ್ಷರವನ್ನು ಫಿಲ್ಟರ್ ಹಾಕಿ, ಹಾಕದೆ ತೆಗೆದು ಹೋಲಿಸಿ. ಗಾಜು ಮಟ್ಟಸವಿಲ್ಲದಿದ್ದರೆ ಅಗಲ ಲೆನ್ಸಿನಲ್ಲಿ ಅಡಗಿರುವ ದೋಷ ಇಲ್ಲಿ ಬಯಲಾಗುತ್ತದೆ.

ಹೊಯಿಗೆಯ ಮೇಲೆ, ಹೆಜ್ಜೆ ಹೆಜ್ಜೆಯಾಗಿ

ಹತ್ತು ಸ್ಟಾಪಿನ ಗಾಜಿನಲ್ಲಿ ಎಡವುವವರೇ ಹೆಚ್ಚು. ಕ್ರಮ ತಪ್ಪುವುದೇ ಕಾರಣ.

1. ಟ್ರೈಪಾಡಿನ ಕಾಲುಗಳನ್ನು ಒದ್ದೆ ಹೊಯಿಗೆಯಲ್ಲಿ ಗಟ್ಟಿ ಸಿಗುವವರೆಗೆ ಒತ್ತಿ ಇಳಿಸಿ. ಮೇಲೆಯೇ ನಿಲ್ಲಿಸಿದರೆ ಪ್ರತಿ ತೆರೆ ಸರಿದಾಗ ಕಾಲಡಿಯ ಹೊಯಿಗೆ ಕೊಚ್ಚಿ, ಎಕ್ಸ್‌ಪೋಷರ್ ನಡೆಯುತ್ತಿರುವಾಗಲೇ ಕ್ಯಾಮೆರಾ ಕೂದಲೆಳೆಯಷ್ಟು ಕುಸಿಯುತ್ತದೆ. ಚಿತ್ರ ಅಲುಗಿದ್ದೇಕೆ ಎಂದು ಮನೆಗೆ ಹೋದ ಮೇಲೆ ತಲೆ ಕೆಡಿಸಿಕೊಳ್ಳುವುದು ಆಮೇಲಿನ ಕಥೆ.

2. ಫಿಲ್ಟರ್ ಇಲ್ಲದೆಯೇ ಫ್ರೇಮ್ ಕಟ್ಟಿ, ದಿಗಂತ ಮಟ್ಟ ಮಾಡಿ, ಫೋಕಸ್ ಹಿಡಿದು, ಮ್ಯಾನುವಲ್ ಫೋಕಸ್‌ಗೆ ಬದಲಿಸಿ. ಲೆನ್ಸಿನ ಸ್ಟೆಬಿಲೈಸೇಷನ್ (ಅಲುಗಾಟ ತಡೆ) ಆಫ್ ಮಾಡಿ.

3. ಐಎಸ್‌ಒ 100, ಎಫ್/11ರಲ್ಲಿ ಒಂದು ಪರೀಕ್ಷಾ ಚಿತ್ರ ತೆಗೆದು ಷಟರ್ ವೇಗ ನೆನಪಿಟ್ಟುಕೊಳ್ಳಿ. ಎಫ್/16 ದಾಟಿಸಬೇಡಿ, ವಿವರ ಮೆದುವಾಗುತ್ತದೆ.

4. ಸಿಪಿಎಲ್ ಬೇಕಿದ್ದರೆ ಮೊದಲು ಅದನ್ನು ಹಾಕಿ ತಿರುಗಿಸಿ ಹೊಂದಿಸಿ, ಪರೀಕ್ಷಾ ಚಿತ್ರವನ್ನು ಅದರೊಂದಿಗೆ ಮತ್ತೆ ತೆಗೆಯಿರಿ. ಆಯಸ್ಕಾಂತದ ಸೆಟ್ಟಿನಲ್ಲಿ ಅದರ ಮೇಲೆ ಎನ್‌ಡಿ ಕೂರಿಸುವಾಗ ಸಿಪಿಎಲ್ ತಿರುಗಿಬಿಡುತ್ತದೆ. ಅದರ ಅಂಚಿಗೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟರೆ ಸರಿದದ್ದು ತಿಳಿಯುತ್ತದೆ. ಚೌಕಟ್ಟಿನಲ್ಲಿ ಎನ್‌ಡಿ ಲೆನ್ಸಿಗೆ ಅತಿ ಹತ್ತಿರದ ಸಂದಿನಲ್ಲಿ, ಅದರ ಸ್ಪಂಜಿನ ಪಟ್ಟಿ ಲೆನ್ಸಿನ ಕಡೆಗೆ, ಗ್ರ್ಯಾಡ್ ಹೊರಗೆ. ಗ್ರ್ಯಾಡಿನ ಗೆರೆಯನ್ನು ಎನ್‌ಡಿ ಹಾಕುವ ಮೊದಲೇ ನೋಡಿಕೊಂಡು ಹೊಂದಿಸಿರಬೇಕು, ಆಮೇಲೆ ಕಾಣುವುದಿಲ್ಲ.

5. ಷಟರ್ ವೇಗವನ್ನು ಎನ್‌ಡಿ ಸಂಖ್ಯೆಯಿಂದ ಗುಣಿಸಿ. 1/125 ಇದ್ದದ್ದು ಎನ್‌ಡಿ 1000ರಲ್ಲಿ 8 ಸೆಕೆಂಡು. 30 ಸೆಕೆಂಡು ಮೀರಿದರೆ ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಷಟರ್ ತೆರೆದಿಡುವುದು), ಜೊತೆಗೆ ರಿಮೋಟ್. ಸೂರ್ಯ ಮುಳುಗಿದ ಮೇಲಾದರೆ ಲೆಕ್ಕಕ್ಕೆ ಅರ್ಧದಿಂದ ಒಂದು ಸ್ಟಾಪ್ ಹೆಚ್ಚು ಕೊಡಿ; ಎಣಿಸುತ್ತಿರುವಾಗಲೇ ಬೆಳಕು ಇಳಿಯುತ್ತಿರುತ್ತದೆ.

6. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಹಿಂಬದಿಯ ವ್ಯೂಫೈಂಡರ್ ಮುಚ್ಚಿ. ಅಲ್ಲಿಂದ ಒಳಗೆ ಸೋರಿದ ಬೆಳಕು ಚಿತ್ರದ ನಡುವೆ ನೇರಳೆ ಪಟ್ಟೆಯಾಗಿ ಬರುತ್ತದೆ. ಮಿರರ್‌ಲೆಸ್ ಕ್ಯಾಮೆರಾಗೆ ಈ ತಾಪತ್ರಯವಿಲ್ಲ.

ದೀರ್ಘ ಎಕ್ಸ್‌ಪೋಷರಿನ ನಾಯ್ಸ್ (ಚಿತ್ರದಲ್ಲಿ ಬರುವ ಕಾಳುಕಾಳು) ತಗ್ಗಿಸುವ ಆಯ್ಕೆಯನ್ನು ಸಂಜೆ ಆಫ್ ಮಾಡಿಡಿ. ಒಂದು ನಿಮಿಷದ ಚಿತ್ರಕ್ಕೆ ಕ್ಯಾಮೆರಾ ಇನ್ನೊಂದು ನಿಮಿಷ ತನ್ನೊಳಗೇ ಕೆಲಸ ಮಾಡುತ್ತ ಕೂರುತ್ತದೆ. ಆ ಹೊತ್ತು ನಮ್ಮಲ್ಲಿಲ್ಲ.

ಉಪ್ಪು, ಹಬೆ, ಫಂಗಸ್

ತುಂತುರು ಒಣಗಿ ಬಿಳಿ ಕಲೆಯಾದ ಫಿಲ್ಟರನ್ನು ಎಂದಿಗೂ ಒಣ ಬಟ್ಟೆಯಿಂದ ಒರೆಸಬೇಡಿ. ಅದು ಉಪ್ಪಿನ ಹರಳು, ನಡುವೆ ಹೊಯಿಗೆ ಕಾಳು; ಒರೆಸುವುದೆಂದರೆ ಗಾಜಿನ ಮೇಲೆ ಮರಳುಕಾಗದ ಎಳೆದಂತೆ. ಅರ್ಧ ಲೀಟರ್ ಸಿಹಿನೀರಿನ ಬಾಟಲಿ ಒಯ್ಯಿರಿ. ಮೊದಲು ನೀರು ಹರಿಸಿ, ಆಮೇಲೆ ಬ್ಲೋವರ್, ಕೊನೆಗೆ ಮೈಕ್ರೋಫೈಬರ್. ಬೈರಾಸು, ಅಂಗಿಯ ತುದಿ ಬೇಡ. ರೆಸಿನ್ ಹಲಗೆಗೆ ನೇಲ್ ಪಾಲಿಶ್ ತೆಗೆಯುವ ದ್ರವ, ಸ್ಪಿರಿಟ್ ಮುಟ್ಟಿಸಬೇಡಿ. ಮನೆಗೆ ಬಂದ ರಾತ್ರಿಯೇ ಹೋಲ್ಡರನ್ನು, ಉಂಗುರಗಳನ್ನು ಸಿಹಿನೀರಿನಲ್ಲಿ ಅದ್ದಿ ತೊಳೆದು ಫ್ಯಾನಿನ ಕೆಳಗೆ ಒಣಗಿಸಿ. ನಾಳೆಗೆ ಬಿಟ್ಟರೆ ಹೋಲ್ಡರಿನ ಸಣ್ಣ ಸ್ಕ್ರೂಗಳಿಗೆ ತುಕ್ಕು ಹತ್ತಲು ಅಷ್ಟೇ ಸಾಕು.

ಎ.ಸಿ. ಕಾರಿನಿಂದ ನೇರ ತೀರಕ್ಕೆ ಇಳಿದರೆ ತಣ್ಣನೆಯ ಗಾಜಿನ ಮೇಲೆ ಹಬೆ ಕೂರುತ್ತದೆ. ಪೇರಿಸಿದ ಎರಡು ಫಿಲ್ಟರುಗಳ ನಡುವೆ ಕೂತರಂತೂ ಒರೆಸಲೂ ಬಾರದು. ಚೀಲವನ್ನು ಮುಚ್ಚಿದಂತೆಯೇ ಇಪ್ಪತ್ತು ಮೂವತ್ತು ನಿಮಿಷ ಹೊರಗಿಡಿ, ಅಥವಾ ಕೊನೆಯ ಕೆಲವು ಕಿಲೋಮೀಟರು ಎ.ಸಿ. ಆರಿಸಿ ಕಿಟಕಿ ತೆರೆದು ಹೋಗಿ.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಫಿಲ್ಟರನ್ನು ಅದು ಬಂದ ಬಟ್ಟೆಯ ಚೀಲದಲ್ಲೇ ಕಪಾಟಿನಲ್ಲಿಟ್ಟರೆ ಆಗಸ್ಟ್ ಹೊತ್ತಿಗೆ ಗಾಜಿನ ಮೇಲೆ ಜೇಡನ ಬಲೆಯಂಥ ಫಂಗಸ್ ಎಳೆಗಳು ಮೂಡಿರುತ್ತವೆ. ಬಟ್ಟೆ, ಸ್ಪಂಜು, ಚರ್ಮ ಎಲ್ಲವೂ ತೇವ ಹಿಡಿಯುವಂಥವು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ, ಚೀಲವಿಲ್ಲದೆ, ಒಂದೊಂದರ ನಡುವೆ ತೆಳು ಕಾಗದ ಇಟ್ಟು ಎತ್ತಿಡಿ. ಒಳಗೆ ಒಂದು ಸಣ್ಣ ತೇವಮಾಪಕ ಇರಲಿ. 40ರಿಂದ 50 ಶೇಕಡಾ ನಡುವೆ ಇದ್ದರೆ ಸರಿ. ನೀಲಿ ಜೆಲ್ ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ನೀಲಿಗೆ ತಿರುಗಿದ ಮೇಲೆ ಆರಿಸಿ ಮತ್ತೆ ಹಾಕಬಹುದು. ಅಡುಗೆಗೆ ಬಳಸದ ಬಾಣಲೆ ಇರಲಿ, ಮಕ್ಕಳ ಕೈಗೆ ಸಿಗದಿರಲಿ.

ತಿರುಪಿನ ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡು ಬಿಚ್ಚಲು ಬಾರದಿದ್ದರೆ ಬಲ ಹಾಕಬೇಡಿ. ಎರಡು ಬೆರಳಿನಿಂದ ಗಟ್ಟಿಯಾಗಿ ಹಿಂಡಿದಷ್ಟೂ ತೆಳು ಉಂಗುರ ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನಷ್ಟು ಕಚ್ಚುತ್ತದೆ. ಅಂಚಿನ ಸುತ್ತ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಐದೂ ಬೆರಳನ್ನು ಸಮನಾಗಿ ಹರಡಿ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ, ತೊಳೆದು ಒಣಗಿಸಿದ ಹವಾಯಿ ಚಪ್ಪಲಿಯನ್ನು ಮೇಜಿನ ಮೇಲಿಟ್ಟು, ಲೆನ್ಸನ್ನು ಬೋರಲಾಗಿ ಅದರ ರಬ್ಬರಿನ ಮೇಲೆ ಹಗುರಕ್ಕೆ ಒತ್ತಿ, ಇಡೀ ಲೆನ್ಸನ್ನೇ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒತ್ತಡ ಸುತ್ತಲೂ ಸಮನಾಗಿ ಬೀಳುವುದರಿಂದ ಉಂಗುರ ದುಂಡಾಗಿಯೇ ಉಳಿದು ಸಡಿಲವಾಗುತ್ತದೆ. ಎಣ್ಣೆ ಮಾತ್ರ ಬಿಡಬೇಡಿ. ತಿರುಪಿನಿಂದ ಒಳಗೆ ಇಳಿದ ಎಣ್ಣೆ ಲೆನ್ಸಿನೊಳಗಿನ ಗಾಜಿಗೆ ಹರಡಿದರೆ ಅದನ್ನು ತೆಗೆಯಲು ಲೆನ್ಸನ್ನೇ ಬಿಚ್ಚಿಸಬೇಕಾಗುತ್ತದೆ.